ಬೂಟು ಕೇಳಿದ ಕಂಪ್ಯೂಟರ್

"ಬೇಡಮ್ಮಾ! ಅದಕ್ಕೆ ಎಣ್ಣೆ ಹಾಕಬಾರದು!"

ಲಾಯರಮ್ಮ ಎರಡೂ ಕೈ ಚಾಚಿ ಕಂಪ್ಯೂಟರಿಗೆ ಅಡ್ಡ ನಿಂತುಬಿಟ್ಟಳು. ಅಮ್ಮನ ಕೈಯಲ್ಲಿ ಹೊಲಿಗೆ ಮೆಷಿನ್ನಿನ ಎಣ್ಣೆ ಡಬ್ಬಿ ಇತ್ತು. ಅದರ ಉದ್ದ ಮೂತಿ ನೇರವಾಗಿ ಕಂಪ್ಯೂಟರಿನ ಫ್ಯಾನಿನ ಕಡೆಗೇ ತಿರುಗಿತ್ತು.

"ಎರಡು ತೊಟ್ಟು ಬಿಟ್ಟರೆ ಏನಾಗುತ್ತೆ? ನನ್ನ ಮೆಷಿನ್ ಇಷ್ಟು ವರ್ಷದಿಂದ ಇದರಲ್ಲೇ ಓಡ್ತಾ ಇರೋದು," ಅಂದರು ಅಮ್ಮ.

"ಇದು ಹೊಲಿಗೆ ಮೆಷಿನ್ ಅಲ್ಲಮ್ಮ!"

"ತಿರುಗೋ ವಸ್ತು ಯಾವುದಾದ್ರೂ ಎಣ್ಣೆ ಕೇಳೇ ಕೇಳುತ್ತೆ. ಎಣ್ಣೆ ಬೇಡ ಅಂದ್ರೆ ಒಳಗೆ ನೂಲು ಸಿಕ್ಕಿಕೊಂಡಿರುತ್ತೆ. ಕತ್ತರಿ ಕೊಡು, ನೋಡ್ತೀನಿ."

"ಕತ್ತರಿನಾ!"

ಕಿಟಕಿಯ ಬಳಿ ಕುರ್ಚಿ ಹಾಕಿಕೊಂಡಿದ್ದ ತಾತ ಕೂತಲ್ಲಿಂದಲೇ ತಮ್ಮ ಅಭಿಪ್ರಾಯ ಹೇಳಿದರು. "ಒಳಗೆ ಬೀಗದ ಲಿವರ್ ಬಿಗಿಯಾಗಿದೆ ಅಷ್ಟೆ. ಅವಸರ ಮಾಡಬೇಡಿ. ಅವಸರ ಮಾಡಿದವನ ಕೈಗೆ ಯಾವ ಬೀಗವೂ ಬಗ್ಗಲ್ಲ."

ತಾತನದು ಮೊದಲು ಬೀಗ ರಿಪೇರಿ ಅಂಗಡಿ. ಅಂಗಡಿ ಮುಚ್ಚಿ ಎಷ್ಟೋ ಕಾಲವಾಗಿದ್ದರೂ ಅವರ ಕೈ ಸುಮ್ಮನಿರುತ್ತಿರಲಿಲ್ಲ. ಹಳೆಯ ಬೀಗಗಳನ್ನು ಬಿಚ್ಚುವುದು, ಜೋಡಿಸುವುದು, ಮತ್ತೆ ಬಿಚ್ಚುವುದು, ಇದೇ ಅವರ ಭಾನುವಾರ. ಸೋಮವಾರವೂ ಅದೇ. ಎಡಗಿವಿ ಸ್ವಲ್ಪ ಮಂದ. ಬೇಡದ ಮಾತು ಬಂದರೆ ಬಲಗಿವಿಯೂ ಮಂದ.

ಬಸ್ ಡ್ರೈವರ್ ಆಗಿದ್ದ ಅಪ್ಪ ಆವತ್ತು ಡ್ಯೂಟಿಯ ಮೇಲೆ ದೂರದೂರಿಗೆ ಹೋಗಿದ್ದರು. ಸದ್ಯ, ಒಳ್ಳೆಯದೇ ಆಯಿತು. ಮನೆಯಲ್ಲಿದ್ದಿದ್ದರೆ "ಎಲ್ಲರೂ ಸೇರಿ ತಳ್ಳಿ, ಸ್ಟಾರ್ಟ್ ಆಗುತ್ತೆ" ಅನ್ನುತ್ತಿದ್ದರೋ ಏನೋ.

ಲಾಯರಮ್ಮ ಅನ್ನುವುದು ತಾತ ಇಟ್ಟ ಹೆಸರು. ಮಾತು ಕಲಿತ ದಿನವೇ ವಾದವನ್ನೂ ಕಲಿತವಳು ಅವಳು. ಹಾಲು ಕುಡಿ ಅಂದರೆ ಯಾಕೆ ಕುಡಿಯಬೇಕು ಅಂತ ಕೇಳಿ, ಉತ್ತರ ಸರಿಯಿದೆ ಅನ್ನಿಸಿದರೆ ಮಾತ್ರ ಕುಡಿಯುತ್ತಿದ್ದಳು. ಆದರೆ ಇವತ್ತು ಬೆಳಿಗ್ಗೆಯಿಂದ ಅವಳ ವಾದಕ್ಕೆ ಒಂದು ಕಪ್ಪು ಸ್ಕ್ರೀನು ಜಗ್ಗದೆ ಕೂತಿತ್ತು.

ಆ ಕಂಪ್ಯೂಟರಿನ ಹೊಟ್ಟೆಯಲ್ಲಿ 'ಹಲ್ಲಿಲ್ಲದ ಹುಲಿ' ನಾಟಕ ಇತ್ತು. ಅವಳ ಕ್ಲಾಸಿನವರು ಸ್ಕೂಲ್ ಡೇಗೆ ಆಡುವ ನಾಟಕ. ಬರೆದವಳು ಅವಳೇ, ಎರಡೇ ಬೆರಳಲ್ಲಿ ಟೈಪ್ ಮಾಡಿದವಳೂ ಅವಳೇ. "ಯಾರೂ ಏನೂ ಮಾಡಬೇಡಿ ಮಿಸ್, ಸೋಮವಾರ ಎಲ್ಲರಿಗೂ ಪ್ರಿಂಟ್ ನಾನೇ ತರ್ತೀನಿ" ಅಂತ ಇಡೀ ಕ್ಲಾಸಿನ ಎದುರು ಎದ್ದು ನಿಂತು ಹೇಳಿದವಳೂ ಅವಳೇ. ನಾಳೆಯೇ ಸೋಮವಾರ. ಹುಲಿಗೆ ಬೇಕಾದ ಬಾಲವನ್ನು ಅಮ್ಮ ಹೊಲಿದು, ಹತ್ತಿ ತುಂಬಿ, ಮೊಳೆಗೆ ನೇತುಹಾಕಿದ್ದರು. ಬಾಲ ರೆಡಿ. ಹುಲಿಯ ಬಾಯಿಗೆ ಮಾತ್ರ ಮಾತಿಲ್ಲ.

"ನಿನ್ನೆ ಕೊನೆಗೆ ಇದರ ಮುಂದೆ ಕೂತಿದ್ದವರು ಯಾರು?" ಅಮ್ಮ ಎಣ್ಣೆ ಡಬ್ಬಿ ಕೆಳಗಿಟ್ಟು ಕೇಳಿದರು.

"ನಾನೇ. ಆದ್ರೆ ಸರಿಯಾಗೇ ಆಫ್ ಮಾಡಿದೀನಿ."

"ಆಫ್ ಮಾಡಿದವಳು ನೀನು. ಈಗ ಆನ್ ಆಗ್ತಿಲ್ಲ."

"ಅದೊಂದು ಸಾಕ್ಷಿನೇ ಅಲ್ಲಮ್ಮ."

"ಸಾಕ್ಷಿ ಗೀಕ್ಷಿ ನಂಗೊತ್ತಿಲ್ಲ. ನನ್ನ ಗಿರಾಕಿಗಳ ಅಳತೆ ಎಲ್ಲಾ ಅದರಲ್ಲೇ ಇರೋದು. ಅದೇನಾದ್ರೂ ಹೋಯ್ತೋ, ಆಮೇಲೆ ನೀನು ಇದರ ಹತ್ರ ಸುಳಿಯೋ ಹಾಗಿಲ್ಲ, ನೋಡು."

ಹೇಳಿ ಅಮ್ಮ ತಮ್ಮ ಮೆಷಿನ್ನಿನ ಮುಂದೆ ಕೂತರು. ಸಂಜೆಯೊಳಗೆ ಒಂದು ಕೋಟು ಮುಗಿಸಿ ಕೊಡಬೇಕಿತ್ತು. ಮೆಷಿನ್ ಟಕಟಕ ಓಡತೊಡಗಿತು. ಅದರ ಸದ್ದಿನಲ್ಲೂ ಸಿಟ್ಟಿತ್ತು.

ಲಾಯರಮ್ಮ ಅತ್ತೆಗೆ ಫೋನ್ ಹಚ್ಚಿದಳು. ಅತ್ತೆ ಅಂದರೆ ತಾತನ ಮಗಳು, ಅಪ್ಪನ ತಂಗಿ. ಕಂಪ್ಯೂಟರ್ ಕೆಟ್ಟವರು ಫೋನ್ ಮಾಡಿದರೆ ದಾರಿ ಹೇಳುವುದೇ ಅವರ ಕೆಲಸ. ದಿನವಿಡೀ ಅದೇ ಮಾತಾಡಿ ಆಡಿ ನಾಲಗೆ ಆ ಕಡೆಗೇ ಬಾಗಿಹೋಗಿತ್ತು.

"ನಮಸ್ಕಾರ, ನಿಮಗೆ ನಾನು ಹೇಗೆ ಸಹಾಯ ಮಾಡಬಹುದು?"

"ಅತ್ತೇ, ನಾನು!"

"ಓ, ನೀನೇನೇ? ಅಭ್ಯಾಸಬಲ. ಹೇಳು ಪುಟ್ಟಾ."

"ನಮ್ಮ ಕಂಪ್ಯೂಟರ್ ಸ್ಟಾರ್ಟ್ ಆಗ್ತಾನೇ ಇಲ್ಲ!"

"ನಿಮಗಾದ ತೊಂದರೆಗೆ ವಿಷಾದಿಸುತ್ತೇವೆ. ಪ್ಲಗ್ ಹಾಕಿದೀಯಾ?"

"ನಾನೇನು ಚಿಕ್ಕ ಮಗುನಾ ಅತ್ತೆ?"

"ಮೊನ್ನೆ ಒಬ್ಬರು ಅಂಕಲ್ಲೂ ಹೀಗೇ ರೇಗಿದ್ರು. ಆಮೇಲೆ ನೋಡಿದ್ರೆ ಅವರು ಹಾಕಿದ್ದು ಇಸ್ತ್ರಿಪೆಟ್ಟಿಗೆ ಪ್ಲಗ್ಗು. ನೋಡಿ ಹೇಳು."

ಲಾಯರಮ್ಮ ನೋಡಿದಳು. ಪ್ಲಗ್ ಇತ್ತು. ಲೈಟ್ ಉರಿಯುತ್ತಿತ್ತು. ಫ್ಯಾನ್ ಗುರ್ ಅನ್ನುತ್ತಿತ್ತು.

"ಸ್ಕ್ರೀನಲ್ಲಿ ಏನಾದ್ರೂ ಬರೆದಿದೆಯಾ?"

"ಕಪ್ಪಗಿದೆ. ಮಧ್ಯದಲ್ಲಿ ಇಂಗ್ಲಿಷ್ ಇದೆ. ನೋ... ಬೂಟ್... ಡಿವೈಸ್..."

"ಅಯ್ಯೋ, ಬೂಟ್ ಸಿಗ್ತಿಲ್ಲ ಅಂತಿದೆಯಾ?"

ಫೋನು ಸ್ಪೀಕರಿನಲ್ಲಿತ್ತು. ಅಲ್ಲೇ ನೆಲದ ಮೇಲೆ ಬಟ್ಟೆಚೂರು ಸಾಲಾಗಿಟ್ಟು ರೈಲು ಆಡುತ್ತಿದ್ದ ಚಿಲ್ಟಾರಿ ಈ ಮಾತು ಕೇಳಿ ತಲೆ ಎತ್ತಿದ. ಲಾಯರಮ್ಮನ ತಮ್ಮ ಅವನು, ಈಗಷ್ಟೇ ಒಂದನೇ ಕ್ಲಾಸು. ರೈಲನ್ನು ಅಲ್ಲೇ ಬಿಟ್ಟು ಹೊರಗೆ ಓಡಿದ.

"ಬೂಟ್ ಅಂದ್ರೆ ಏನತ್ತೆ?"

"ನಾವು ಬೆಳಿಗ್ಗೆ ಎದ್ದಾಗ ನಾನ್ಯಾರು, ಇವತ್ತು ಏನು ಕೆಲಸ ಅಂತ ನೆನಪು ಮಾಡ್ಕೋತೀವಲ್ಲ, ಹಾಗೆ ಕಂಪ್ಯೂಟರೂ ಎದ್ದಕೂಡಲೇ ನೆನಪು ಮಾಡ್ಕೊಳ್ಳುತ್ತೆ. ಆ ನೆನಪು ಇಟ್ಟಿರೋ ಜಾಗ ಅದಕ್ಕೆ ಸಿಗ್ತಾ ಇಲ್ಲ. ಪೆನ್ ಡ್ರೈವ್ ಏನಾದ್ರೂ ಸಿಕ್ಕಿಸಿ ಬಿಟ್ಟಿದೀಯಾ? ಕೆಲವು ಸಲ ಅದು ಅಲ್ಲೇ ಹುಡುಕ್ತಾ ಕೂತುಬಿಡುತ್ತೆ."

"ಇಲ್ಲ. ಮಿಸ್ ಕೊಟ್ಟ ಪೆನ್ ಡ್ರೈವ್ ನನ್ನ ಬ್ಯಾಗಲ್ಲಿ ಭದ್ರವಾಗಿದೆ."

"ನೋಡಿ ಹೇಳ್ತಿದೀಯೋ, ನೋಡದೆ ಹೇಳ್ತಿದೀಯೋ?"

"ನಂಗೊತ್ತು ಅತ್ತೆ!"

"ಹಾಗಾದ್ರೆ ಹಾರ್ಡ್ ಡಿಸ್ಕೇ ಹೋಗಿರಬಹುದು ಪುಟ್ಟಾ. ಅದು ಹೋದ್ರೆ ಒಳಗಿರೋದೆಲ್ಲಾ... ಇರಲಿ, ಈಗಲೇ ಯಾಕೆ ಅಪಶಕುನ. ನಂಗೆ ಇನ್ನೊಂದು ಕಾಲ್ ಬರ್ತಿದೆ. ಊಟ ಆದಮೇಲೆ ನಾನೇ ಮಾಡ್ತೀನಿ. ನಿಮ್ಮ ತಾಳ್ಮೆಗೆ ಧನ್ಯವಾದಗಳು."

ಲಾಯರಮ್ಮನಿಗೆ ತಾಳ್ಮೆ ಎಲ್ಲಿತ್ತು? ಹಾಗಾದರೆ ಹುಲಿ ಹೋಯಿತೇ? ನರಿ, ಮೊಲ, ಹಲ್ಲಿನ ಡಾಕ್ಟರ್ ಆನೆ, ಎಲ್ಲರೂ ಹೋದರೇ?

ಅಷ್ಟರಲ್ಲಿ ಚಿಲ್ಟಾರಿ ಏದುಸಿರು ಬಿಡುತ್ತಾ ಬಂದ. ಎರಡೂ ಕೈಯಲ್ಲಿ ತನ್ನ ಹಳದಿ ರಬ್ಬರ್ ಬೂಟುಗಳು. ಒಂದನ್ನು ಕಂಪ್ಯೂಟರಿನ ಆ ಕಡೆ, ಇನ್ನೊಂದನ್ನು ಈ ಕಡೆ ನಿಲ್ಲಿಸಿದ.

"ತಗೋ ಅಕ್ಕ. ಇವು ನಂಗೆ ಹೇಗೂ ಬಿಗಿ ಆಗಿವೆ."

ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದರಂತೆ, ಹಾಗಾಯಿತು. ಅಮ್ಮ ಮೆಷಿನ್ ನಿಲ್ಲಿಸಿ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. ತಾತ "ಕಾಲೇ ಇಲ್ಲವಲ್ಲೋ ಅದಕ್ಕೆ!" ಅಂದರು. ಲಾಯರಮ್ಮನಿಗೆ ಮಾತ್ರ ಮೈಯೆಲ್ಲಾ ಉರಿಯಿತು. ಇವನಿಗೇಕೆ ಕಂಪ್ಯೂಟರಿನ ಮೇಲೆ ಇಷ್ಟೊಂದು ಕನಿಕರ? ಏನೋ ಇದೆ.

ಇವನ ಹಳೆಯ ಕೇಸು ಅವಳಿಗೆ ಚೆನ್ನಾಗಿ ನೆನಪಿತ್ತು. ಹಿಂದೊಮ್ಮೆ ಸೀಡಿ ಹಾಕುವ ತಟ್ಟೆಯೊಳಗೆ ಬಿಸ್ಕತ್ತು ಇಟ್ಟಿದ್ದ. ಕೇಳಿದರೆ "ಪಾಪ, ಬಾಯಿ ತೆರೆದಿತ್ತು" ಅಂದಿದ್ದ. ಜೊತೆಗೆ ಇವತ್ತು ಬೆಳಿಗ್ಗೆ ಇದೇ ಮೇಜಿನ ಕೆಳಗೆ ತೂರಿಕೊಂಡಿದ್ದನ್ನು ಅವಳೇ ಕಣ್ಣಾರೆ ನೋಡಿದ್ದಳು.

"ಬಾ ಇಲ್ಲಿ. ನೇರ ನಿಂತ್ಕೋ," ಅಂದಳು. ಚಿಲ್ಟಾರಿ ನೇರ ನಿಂತ. "ಬೆಳಿಗ್ಗೆ ಮೇಜಿನ ಕೆಳಗೆ ಏನು ಮಾಡ್ತಿದ್ದೆ?"

"ರೈಲು."

"ಯಾವ ರೈಲು?"

"ಗೂಡ್ಸು."

"ರೈಲು ಕಂಪ್ಯೂಟರಿಗೆ ಗುದ್ದಿತಾ?"

"ಇಲ್ಲ. ಸ್ಟೇಷನಲ್ಲಿ ನಿಂತ್ಕೊಂಡಿತು."

"ಯಾವ ಸ್ಟೇಷನ್?"

ಚಿಲ್ಟಾರಿ ಬೆರಳು ತೋರಿಸಿದ. ಸ್ಟೇಷನ್ ಅಂದರೆ ಕಂಪ್ಯೂಟರೇ.

"ಆಹಾ!" ಅಂದಳು ಲಾಯರಮ್ಮ. "ವೈರು ಎಳೆದೆಯಾ?"

"ಇಲ್ಲ."

"ಗುಂಡಿ ಮುಟ್ಟಿದೆಯಾ?"

ಚಿಲ್ಟಾರಿ ಗಾಬರಿಯಿಂದ ತನ್ನ ಅಂಗಿಯ ಗುಂಡಿ ಮುಟ್ಟಿ ನೋಡಿಕೊಂಡ. ಮೇಲಿನದು ಇತ್ತು, ಮಧ್ಯದ್ದೂ ಇತ್ತು. "ಹೂಂ, ಮುಟ್ಟಿದೆ," ಅಂದ.

"ನೋಡಮ್ಮ, ನೋಡು! ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೋತಾನೆ!"

"ಅದು ಅಂಗಿ ಗುಂಡಿ ಕಣೇ," ಅಂದರು ಅಮ್ಮ ಸೂಜಿಗೆ ನೂಲು ಪೋಣಿಸುತ್ತಾ.

ಅಮ್ಮನ ಮಾತು ಲಾಯರಮ್ಮನ ಕಿವಿಯವರೆಗೆ ಬರಲೇ ಇಲ್ಲ. ಅವಳ ಕಣ್ಣ ಮುಂದೆ ನಾಳೆಯ ಕ್ಲಾಸು ಬಂದು ನಿಂತಿತ್ತು. ಎಲ್ಲರೂ ಕೈಚಾಚಿಕೊಂಡು ಕೂತಿದ್ದಾರೆ, ಇವಳ ಕೈಯಲ್ಲಿ ಬರೀ ಬಾಲ. ತಮ್ಮನ ಮೇಲೆ ರೇಗಿದಳು. "ನೀನಲ್ಲದೆ ಇನ್ಯಾರೋ? ತಾತ ಕಂಪ್ಯೂಟರ್ ಆನ್ ಮಾಡೋದೇ ಇಲ್ಲ. ಅಮ್ಮ ಇವತ್ತು ಅದರ ಮುಂದೆ ಕೂತೇ ಇಲ್ಲ. ನಾನಂತೂ ಅಲ್ಲ. ಮತ್ಯಾರು? ನಾಳೆ ಎಲ್ಲರ ಮುಂದೆ ನಾನು ಏನಂತ ಹೇಳ್ಲಿ?"

ತಡೆದುಕೊಂಡರೂ ಕಣ್ಣೀರು ಪಳಕ್ಕನೆ ಉದುರಿಬಿಟ್ಟಿತು.

ಚಿಲ್ಟಾರಿ ಅಕ್ಕನ ಮುಖವನ್ನೇ ನೋಡುತ್ತಾ ನಿಂತ. ಅಕ್ಕ ಬೈಯುವುದನ್ನು ಅವನು ದಿನಾ ನೋಡುತ್ತಿದ್ದ. ಅಳುವುದನ್ನು ನೋಡಿರಲಿಲ್ಲ.

"ಹೂಂ ಅಕ್ಕ. ನಾನೇ," ಅಂದ.

"ಏನು ನೀನೇ?"

"ನಾನೇ ಕೆಡಿಸಿದ್ದು."

"ಹೇಗೆ?"

ಚಿಲ್ಟಾರಿ ಯೋಚಿಸಿದ. ಆಮೇಲೆ ಗಾಳಿಯಲ್ಲಿ ಕೈಯನ್ನು ಒಂದು ಸುತ್ತು ತಿರುಗಿಸಿ, "ಹೀಗೆ," ಅಂದ. ಅಷ್ಟು ಸಾಲದೇನೋ ಅನ್ನಿಸಿ, "ಸೋಪು ಬಕೆಟಲ್ಲಿ ಹಾಕಿದ್ದೂ ನಾನೇ. ಪಕ್ಕದ ಮನೆ ಬೆಕ್ಕನ್ನ ಓಡಿಸಿದ್ದೂ ನಾನೇ," ಅಂತ ಸೇರಿಸಿದ.

"ಆ ಬೆಕ್ಕು ಓಡಿಹೋಗಿದ್ದು ನೀನು ಹುಟ್ಟೋದಕ್ಕಿಂತ ಮೊದಲು ಕಣೋ!" ಅಂದರು ತಾತ.

"ಆದ್ರೂ ನಾನೇ."

ಲಾಯರಮ್ಮ ಕಣ್ಣೊರೆಸಿಕೊಂಡು ಅಮ್ಮನ ಕಡೆ ತಿರುಗಿದಳು. "ಒಪ್ಕೊಂಡ. ನೀನೇ ಕೇಳಿದೆಯಲ್ಲ ಅಮ್ಮ. ಈಗ ಹೇಳು, ನಾನಲ್ಲ ತಾನೇ?"

ಅಮ್ಮನಿಗೆ ಪೂರ್ತಿ ನಂಬಿಕೆ ಬಂದ ಹಾಗೆ ಕಾಣಲಿಲ್ಲ. ಆದರೆ ಕೈಯಲ್ಲಿ ಕೋಟಿನ ತೋಳು, ಬಾಯಲ್ಲಿ ಗುಂಡುಸೂಜಿ. "ನಿಜವಾಗ್ಲೂ ನೀನೇನೋ?" ಅಂತ ಹಲ್ಲಿನ ಸಂದಿಯಿಂದಲೇ ಕೇಳಿದರು. ಚಿಲ್ಟಾರಿ ಮತ್ತೆ ಹೂಂ ಅಂದ.

ಆ ಮನೆಯಲ್ಲಿ ಶಿಕ್ಷೆ ಅಂದರೆ ಒಂದೇ. ಬಟ್ಟೆ ಕತ್ತರಿಸುವ ದೊಡ್ಡ ಮೇಜಿನ ಕೆಳಗೆ ಕೂರಬೇಕು. ಎಷ್ಟು ಹೊತ್ತು ಅಂದರೆ, ಅಮ್ಮ ಹೊಲಿಯುತ್ತಿರುವ ಬಟ್ಟೆ ಮುಗಿಯುವಷ್ಟು ಹೊತ್ತು. ಕರವಸ್ತ್ರದ ದಿನ ತಪ್ಪು ಮಾಡಿದವರು ಅದೃಷ್ಟವಂತರು. ಇವತ್ತು ಕೋಟು, ಅದೂ ಒಳಗೆ ಲೈನಿಂಗ್ ಬಟ್ಟೆ ಇರುವ ಕೋಟು.

ಚಿಲ್ಟಾರಿ ತನ್ನ ರೈಲಿನ ಬಟ್ಟೆಚೂರುಗಳನ್ನು ಬಾಚಿಕೊಂಡು ಸದ್ದಿಲ್ಲದೆ ಮೇಜಿನ ಕೆಳಗೆ ಹೋದ.

ಲಾಯರಮ್ಮ ಕಂಪ್ಯೂಟರಿನ ಮುಂದೆ ಕೂತಳು. ಕೇಸು ಗೆದ್ದಾಯಿತು. ಗೆದ್ದವಳಿಗೆ ಖುಷಿಯಾಗಬೇಕಿತ್ತು. ಆದರೆ ಕೇಸು ಗೆದ್ದ ಮಾತ್ರಕ್ಕೆ ಸ್ಕ್ರೀನು ಬೆಳಗಲಿಲ್ಲ. ನೆನಪಿನಿಂದ ನಾಟಕ ಬರೆಯೋಣ ಅಂತ ಒಂದು ಹಾಳೆ ತೆಗೆದುಕೊಂಡಳು. ಮೊಲದ ಮಾತು ಬಂತು, ನರಿಯದು ಅರ್ಧ ಬಂತು. ಹುಲಿ ಬಾಯಿ ತೆರೆಯಲೇ ಇಲ್ಲ. ಹಲ್ಲಿಲ್ಲದ ಹುಲಿ ತನ್ನ ಬೊಚ್ಚು ಬಾಯಲ್ಲಿ ಗರ್ಜನೆ ಮಾಡಲು ಹೋಗಿ ಎಲ್ಲರಿಗೂ ಉಗುಳು ಹಾರಿಸುವ ಜಾಗ ಎಷ್ಟು ಚೆನ್ನಾಗಿತ್ತು! ಈಗ ಬರೆದರೆ ಬರೀ ಉಗುಳು ಉಳಿಯಿತು, ನಗು ಬರಲಿಲ್ಲ.

ಮಧ್ಯಾಹ್ನ ಊಟದ ತಟ್ಟೆ ಮೇಜಿನ ಕೆಳಗೇ ಹೋಯಿತು, ಖಾಲಿಯಾಗಿ ಹೊರಗೆ ಬಂತು. ಆಮೇಲೆ ಅತ್ತೆಯ ಫೋನ್ ಬಂತು.

"ನಮಸ್ಕಾರ, ನಿಮ್ಮ... ಅಯ್ಯೋ, ಹಾಳಾಗಿ ಹೋಗ್ಲಿ. ಪುಟ್ಟಾ, ಬೆಳಿಗ್ಗೆ ಓದಿದೆಯಲ್ಲ, ಅದರ ಕೆಳಗೆ ಇನ್ನೊಂದು ಸಾಲು ಇರಬೇಕು ನೋಡು."

ಲಾಯರಮ್ಮ ಸ್ಕ್ರೀನಿಗೆ ಮೂಗು ತಾಗಿಸಿ ಓದಿದಳು. "ಪ್ರೆಸ್... ಎನಿ... ಕೀ."

"ಹಾಗಾದ್ರೆ ಯಾವುದಾದ್ರೂ ಒಂದು ಕೀ ಒತ್ತು, ಏನಾಗುತ್ತೆ ನೋಡೋಣ."

ಕಿಟಕಿಯ ಬಳಿ ಬೀಗ ಉಜ್ಜುತ್ತಾ ಕಿರಿಕಿರಿ ಅನ್ನುತ್ತಿದ್ದ ಅರದ ಸದ್ದು ನಿಂತಿತು. ಬೆಳಿಗ್ಗೆಯಿಂದ ಅಷ್ಟಾಗಿ ಕಿವಿಗೊಡದ ತಾತ ಈಗ ಎರಡೂ ಕಿವಿ ನಿಮಿರಿಸಿದ್ದರು.

"ಏನಂದ್ಲು? ಯಾವುದಾದ್ರೂ ಕೀ ಅಂದ್ಲಾ?"

"ಹೂಂ ತಾತ. ಯಾವುದಾದ್ರೂ ಆಗುತ್ತಂತೆ."

"ಥೂ! ಯಾವ ಕೀ ಹಾಕಿದ್ರೂ ತೆರೆಯೋದು ಬೀಗ ಆಗುತ್ತೇನೇ? ಅದು ಬಾಗಿಲಿಗೆ ಹಾಕಿದ ಕಿವಿಯೋಲೆ, ಅಷ್ಟೆ. ನನ್ನ ಕೈಯಿಂದ ಅಂಥ ಬೀಗ ಒಂದೂ ಆಚೆ ಹೋಗಿಲ್ಲ."

"ತಾತ, ಇದು ಆ ಕೀ ಅಲ್ಲ..."

"ಮತ್ತೆ ಯಾವುದೋ ಕೀ ಯಾಕೆ ಹಾಕ್ತೀರಿ ಅಂತ? ಅದರದೇ ಕೀ ಅದಕ್ಕೆ ಆಗಲೇ ಹಾಕಿದೀನಲ್ಲ!"

ಅಮ್ಮನ ಮೆಷಿನ್ ನಿಂತುಹೋಯಿತು.

"ಅಪ್ಪಾ," ಅಂದರು ಅತ್ತೆ. ಈಗ ಅದು ಮಗಳ ದನಿ, ಕೆಲಸದ ದನಿಯಲ್ಲ. "ಏನು ಹಾಕಿದ್ರಿ? ಎಲ್ಲಿ ಹಾಕಿದ್ರಿ?"

"ಅದೇ, ಬೆಳಿಗ್ಗೆ ನೀವೆಲ್ಲ ಏಳೋಕೆ ಮೊದಲು. ಅಲ್ಲಿ ಮೇಜಿನ ಹತ್ರ ನೆಲದ ಮೇಲೆ ಬಿದ್ದಿತ್ತು, ಇಷ್ಟೇ ಇಷ್ಟು ಪುಟ್ಟದು. ತಲೆಗೆ ಒಂದು ರಿಂಗು ಬೇರೆ. ಕೀ ಅಂದಮೇಲೆ ನೆಲದ ಮೇಲೆ ಬಿದ್ದಿರಬಾರದು, ಅದರ ಬೀಗದಲ್ಲಿರಬೇಕು. ಬೀರುಗೆ ಹಾಕಿ ನೋಡಿದೆ, ಆಗಲಿಲ್ಲ. ಟ್ರಂಕಿಗೂ ಆಗಲಿಲ್ಲ. ಕೊನೆಗೆ ನೋಡ್ತೀನಿ, ಇದರ ಬೆನ್ನಲ್ಲಿ ಅಳತೆ ಕೊಟ್ಟು ಮಾಡಿಸಿದ ಹಾಗೆ ಒಂದು ತೂತು! ಮೊದಲನೇ ಸಲ ಹೋಗಲಿಲ್ಲ. ತಲೆಕೆಳಗು ಮಾಡಿ ಹಾಕಿದೆ, ಟಕ್ ಅಂತ ಕೂತ್ಕೊಂಡಿತು." ತಾತನ ಮುಖದಲ್ಲಿ ಹಳೆಯ ಅಂಗಡಿಯ ಖುಷಿ ಬಂದಿತ್ತು. "ತಿರುಗಿಸಿದೆ. ತಿರುಗಲಿಲ್ಲ. ಹಳೇ ಬೀಗ, ಜೋರು ಮಾಡಬಾರದು ಅಂತ ಬಿಟ್ಟೆ."

ಲಾಯರಮ್ಮ ಮೇಜಿನ ಹಿಂದೆ ತೂರಿದಳು. ಧೂಳು ಮೂಗಿಗೇರಿ ಸೀನು ಬಂತು. ಕಂಪ್ಯೂಟರಿನ ಬೆನ್ನಲ್ಲಿ, ವೈರುಗಳ ಗೊಂಚಲಿನ ನಡುವೆ, ಪುಟ್ಟ ಬೆಳ್ಳಿ ಬಣ್ಣದ ಪೆನ್ ಡ್ರೈವ್ ಆರಾಮಾಗಿ ಕೂತಿತ್ತು. ಮಿಸ್ ಕೊಟ್ಟದ್ದೇ. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಅದನ್ನು ಹೊರಗೆಳೆದಳು.

"ನಿನ್ನ ಬ್ಯಾಗಲ್ಲಿ ಭದ್ರವಾಗಿತ್ತಲ್ಲ?" ಅಂದರು ಅಮ್ಮ.

ಅವಳು ಮೇಜಿಗೆ ಒರಗಿಸಿಟ್ಟಿದ್ದ ಬ್ಯಾಗಿನ ಕಡೆ ನೋಡಿದಳು. ಮುಂದಿನ ಪುಟ್ಟ ಜೇಬಿನ ಜಿಪ್ಪು ಪೂರ್ತಿ ತೆರೆದುಕೊಂಡಿತ್ತು. ಮುಚ್ಚದೆ ಬಿಟ್ಟವರು ಯಾರು ಅಂತ ಯಾರನ್ನೂ ಕೇಳುವ ಹಾಗಿರಲಿಲ್ಲ. ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲಾ ಹುಡುಕಿದ್ದಳು.

"ಈಗ ಒತ್ತು," ಅಂದರು ಅತ್ತೆ.

ಒತ್ತಿದಳು. ಸ್ಕ್ರೀನು ಕಪ್ಪಾಯಿತು. ಮರುಕ್ಷಣ ನೀಲಿ ಬೆಳಕು ಪಸರಿಸಿ, ದಿನಾ ಬರುವ ಆ ಪುಟ್ಟ ಸಂಗೀತ ಟಿಂಗ್ ಅಂತ ಕೇಳಿಸಿತು. ಲಾಯರಮ್ಮ ಕುರ್ಚಿಯ ಮೇಲೆ ನಿಂತು ಕುಣಿದಳು. ಅಮ್ಮ ಕೋಟನ್ನು ಅಲ್ಲೇ ಬಿಟ್ಟು ಓಡಿಬಂದು ಗಿರಾಕಿಗಳ ಅಳತೆ ಎಲ್ಲಾ ಇದೆಯಾ ಅಂತ ನೋಡಿದರು. ಇತ್ತು.

"ನಾನು ಬೆಳಿಗ್ಗೆನೇ ಹೇಳಿದ್ದೆ, ಅವಸರ ಮಾಡಬೇಡಿ ಅಂತ," ಅಂದರು ತಾತ.

"ಮಾವಾ!" ಅಂದರು ಅಮ್ಮ. ಬೈಯಬೇಕೆಂದು ಬಾಯಿ ತೆರೆದವರಿಗೆ ನಗು ಮೊದಲು ಬಂತು.

ಫೋನಿನಲ್ಲಿ ಅತ್ತೆ ನಕ್ಕು ನಕ್ಕು ಸುಸ್ತಾಗಿದ್ದರು. "ನಮ್ಮ ಸೇವೆ ನಿಮಗೆ ತೃಪ್ತಿ ತಂದಿದ್ದರೆ ದಯವಿಟ್ಟು ಒಂದನ್ನು ಒತ್ತಿ."

"ಯಾವ ಕೀ?" ಅಂದರು ತಾತ.

ಪ್ರಿಂಟರ್ ಹಾಕಿದ್ದಾಯಿತು. ಅದು ಗರಗರ ಅನ್ನುತ್ತಾ ಹುಲಿಯನ್ನು ಸಾಲು ಸಾಲಾಗಿ ಹೊರಗೆ ಬಿಡತೊಡಗಿತು. ಮೊದಲ ಹಾಳೆ ಜಾರಿ ನೆಲಕ್ಕೆ ಬಿತ್ತು. ಎರಡನೆಯದೂ ಬಿತ್ತು.

ಲಾಯರಮ್ಮ ಬಗ್ಗಿ ಎತ್ತಿಕೊಳ್ಳುತ್ತಾ ಅರ್ಧಕ್ಕೇ ನಿಂತಳು. ಪ್ರಿಂಟ್ ಹಾಕಿದಾಗ ಹಾಳೆ ಯಾವತ್ತೂ ನೆಲಕ್ಕೆ ಬೀಳುತ್ತಿರಲಿಲ್ಲ. ಚಿಲ್ಟಾರಿ ಕೈಯೊಡ್ಡಿ ನಿಂತಿರುತ್ತಿದ್ದ. "ಬಿಸಿ ಬಿಸಿ!" ಅಂತ ಕೂಗಿ, ಒಂದೊಂದನ್ನೂ ಕೆನ್ನೆಗೆ ಒತ್ತಿಕೊಂಡು ಆಮೇಲೆ ಕೊಡುತ್ತಿದ್ದ.

ಇಷ್ಟು ಹೊತ್ತಿನ ಗಲಾಟೆಯಲ್ಲಿ ಅವನ ನೆನಪು ಒಬ್ಬರಿಗೂ ಬಂದಿರಲಿಲ್ಲ.

ಲಾಯರಮ್ಮ ಹೋಗಿ ಕತ್ತರಿಸುವ ಮೇಜಿನ ಮುಂದೆ ಮಂಡಿಯೂರಿ ಬಗ್ಗಿದಳು. ಮೇಜಿನ ಮೇಲಿನಿಂದ ಇಳಿಬಿದ್ದ ಬಟ್ಟೆಯ ಹಿಂದೆ ಚಿಲ್ಟಾರಿ ಕಾಲು ಚಾಚಿ ಕೂತಿದ್ದ. ಅವನ ಗೂಡ್ಸು ರೈಲು ಮೇಜಿನ ಈ ಕಾಲಿನಿಂದ ಆ ಕಾಲಿನವರೆಗೂ ಬೆಳೆದಿತ್ತು.

"ಹೊರಗೆ ಬಾರೋ," ಅಂದಳು.

"ಕೋಟು ಮುಗೀತಾ?"

"ಇಲ್ಲ. ಆದ್ರೆ ಕಂಪ್ಯೂಟರ್ ಸರಿಯಾಯ್ತು. ನೀನೇನೂ ಕೆಡಿಸಿಲ್ಲ. ತಾತ ಪೆನ್ ಡ್ರೈವ್ನ... ನಾನು ಜಿಪ್ಪು... ಅದು ದೊಡ್ಡ ಕತೆ. ನೀನಂತೂ ಅಲ್ಲ."

"ನಂಗೊತ್ತು," ಅಂದ ಚಿಲ್ಟಾರಿ.

"ಗೊತ್ತಾ? ಗೊತ್ತಿದ್ರೆ ನಾನೇ ಅಂತ ಯಾಕೋ ಅಂದೆ?"

ಚಿಲ್ಟಾರಿ ರೈಲಿನ ಒಂದು ಡಬ್ಬಿಯನ್ನು ನೇರ ಮಾಡುತ್ತಿದ್ದ. ಕೆಂಪು ಬಟ್ಟೆಯದು, ಅದು ಪದೇ ಪದೇ ಹಳಿ ತಪ್ಪುತ್ತಿತ್ತು. ಅದನ್ನು ಸರಿಪಡಿಸಿ ತಲೆ ಎತ್ತದೆಯೇ ಹೇಳಿದ.

"ನೀನು ಅಳ್ತಿದ್ದೆಯಲ್ಲ ಅಕ್ಕ. ನಿಂಗೆ ಯಾರಾದ್ರೂ ಒಬ್ರು ಬೇಕಿತ್ತಲ್ಲ."

ಲಾಯರಮ್ಮನಿಗೆ ತಾನು ಕೇಳಿದ ಪ್ರಶ್ನೆಗಳೆಲ್ಲಾ ಒಂದೊಂದಾಗಿ ನೆನಪಾದವು. ಒಂದಕ್ಕೂ ಅವನು ಕೊಟ್ಟ ಉತ್ತರವನ್ನು ಅವಳು ಕಿವಿಗೆ ಹಾಕಿಕೊಂಡಿರಲಿಲ್ಲ.

ಪ್ರಿಂಟರ್ ಇನ್ನೂ ಗರಗರ ಅನ್ನುತ್ತಿತ್ತು. ಹಾಳೆಗಳು ಬೀಳುತ್ತಿದ್ದವು. ಅವಳು ಎದ್ದು ಹೋಗಲಿಲ್ಲ. ತಲೆ ತಗ್ಗಿಸಿ ಮೇಜಿನ ಕೆಳಗೆ ತೂರಿ, ತಮ್ಮನ ಪಕ್ಕ ಕಾಲು ಮಡಿಸಿಕೊಂಡು ಕೂತಳು. ಜಾಗ ಸಾಲಲಿಲ್ಲ. ಚಿಲ್ಟಾರಿ ರೈಲನ್ನು ಮುದುರಿಸಿ ಅತ್ತ ಸರಿದ.

"ನೀನೂ ಏನಾದ್ರೂ ಕೆಡಿಸಿದ್ಯಾ?" ಅಂತ ಪಿಸುಗುಟ್ಟಿದ.

"ಹೂಂ ಕಣೋ."

ಏನು, ಹೇಗೆ, ಯಾವಾಗ ಅಂತ ಅವನು ಒಂದೂ ಕೇಳಲಿಲ್ಲ. ರೈಲಿನ ಕೊನೆಯ ಡಬ್ಬಿಯನ್ನು ಅವಳ ಅಂಗೈಯಲ್ಲಿಟ್ಟು, "ಹಾಗಾದ್ರೆ ನೀನು ಗಾರ್ಡು," ಅಂದ.

ಅಮ್ಮನ ಪಾದಗಳು ಮೇಜಿನ ಹತ್ತಿರ ಬಂದು ನಿಂತವು. ಒಂದು ಕ್ಷಣ ಹಾಗೇ ನಿಂತು, ಹೊಲಿಗೆ ಮೆಷಿನ್ನಿನ ಕಡೆ ಹೋದವು. ಟಕಟಕ ಸದ್ದು ಮತ್ತೆ ಶುರುವಾಯಿತು. ಕೋಟಿಗೆ ಇನ್ನೂ ಒಂದು ತೋಳು ಬಾಕಿಯಿತ್ತು. ಅದು ಬೇಗ ಮುಗಿಯದಿದ್ದರೂ ಪರವಾಗಿಲ್ಲ ಅನ್ನಿಸಿತು ಲಾಯರಮ್ಮನಿಗೆ.